ರಥಬೀದಿಯಲ್ಲಿ ಒಂದು ಸುತ್ತು



ಉಡುಪಿಗೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿ. "ಕೃಷ್ಣನ ದರ್ಶನ ಆಯ್ತು, ಮಠದಲ್ಲಿ ಊಟ ಆಯ್ತು, ಮಲ್ಪೆಗೆ ಹೋಗಿ ಸಮುದ್ರದಲ್ಲಿ ಕಾಲು ಅದ್ದಿ ಬಂದ್ವಿ, ಮಕ್ಕಳು ಗಡ್‌ಬಡ್ ತಿಂದ್ರು, ರಾತ್ರಿ ಬಸ್ಸಿಗೆ ವಾಪಸ್" ಎನ್ನುತ್ತಾರೆ. ಮಠದ ಸುತ್ತಿನ ಬೀದಿ ಹೇಗಿತ್ತು ಎಂದು ಕೇಳಿದರೆ ಸ್ವಲ್ಪ ಯೋಚಿಸಿ, "ಚಪ್ಪಲಿ ಬಿಟ್ಟ ಜಾಗ ಹುಡುಕೋದರಲ್ಲೇ ಸಾಕಾಯ್ತು ಕಣ್ರೀ" ಎಂದು ನಗುತ್ತಾರೆ.

ಮಣಿಪಾಲದ ಮಾತೂ ಹಾಗೆಯೇ. ಮಲೆನಾಡಿನಿಂದ, ಬಯಲುಸೀಮೆಯಿಂದ ಎಷ್ಟೋ ಮಂದಿ ಹೆಂಗಸರು ರೋಗಿಯ ಜೊತೆಗೆಂದು ಅಲ್ಲಿಗೆ ಬರುತ್ತಾರೆ. ಮಗಳನ್ನು ಕಾಲೇಜಿಗೆ ಸೇರಿಸಲು ಬರುತ್ತಾರೆ. ವಾರಗಟ್ಟಲೆ ಇದ್ದರೂ ಅವರಿಗೆ ಗೊತ್ತಿರುವುದು ಆಸ್ಪತ್ರೆ, ಔಷಧದ ಅಂಗಡಿ, ಊಟದ ಹೋಟೆಲು, ಬಸ್‌ಸ್ಟ್ಯಾಂಡು ಇಷ್ಟೇ.

ಇದರಲ್ಲಿ ನಮ್ಮ ತಪ್ಪೇನೂ ಇಲ್ಲ ಬಿಡಿ. ಹೆಂಗಸು ಮನೆ ಬಿಟ್ಟು ಹೊರಟಳೆಂದರೆ ಒಂದು ಕೆಲಸ ಇಟ್ಟುಕೊಂಡೇ ಹೊರಡುತ್ತಾಳೆ. ದೇವರಿಗೆ ಹರಕೆ, ಮದುವೆಗೆ ಸೀರೆ, ಮಗುವಿಗೆ ಮದ್ದು, ನಾದಿನಿಗೆ ಬಾಗಿನ. ಕೆಲಸವಾದ ಕೂಡಲೇ ಮನೆಯ ಕಡೆ ಮುಖ. "ಸುಮ್ಮನೆ ಬೀದಿ ನೋಡಿಕೊಂಡು ಬರೋಣ ಅಂತ ಹೋಗಿದ್ದೆ" ಎಂದು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ ಹೇಳಿ? ಗಂಡಸರಾದರೆ ಚೌಕದಲ್ಲಿ ನಿಂತು ಒಂದು ಗಂಟೆ ಹರಟಿ ಬರುತ್ತಾರೆ. ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಅದಕ್ಕೇ ಈ ಸಲ ಒಂದು ಸಲಹೆ. ಮುಂದಿನ ಸಲ ಉಡುಪಿಗೆ ಹೋದಾಗ ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಿ. ಊರು ಬಲ್ಲ ಒಬ್ಬ ಮಾರ್ಗದರ್ಶಿಯ ಜೊತೆ ರಥಬೀದಿಗೆ ಒಂದು ಸುತ್ತು ನಡೆದು ಬನ್ನಿ.

ನಡೆಯುವುದಕ್ಕೂ ದುಡ್ಡೇ?

"ನಡೆಯೋಕೆ ಕಾಲಿದೆ, ನೋಡೋಕೆ ಕಣ್ಣಿದೆ, ಇದಕ್ಕೆ ಗೈಡು ಯಾಕೆ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ನೀವು ಹೀಗೆ ಉತ್ತರ ಕೊಡಿ. ಹೊಸಬರ ಮನೆಗೆ ಹೋದಾಗ ಗೋಡೆಯ ಮೇಲಿನ ಫೋಟೋಗಳೆಲ್ಲ ನಮಗೂ ಕಾಣುತ್ತವೆ. ಆದರೆ ಆ ಮನೆಯ ಅಜ್ಜಿ ಪಕ್ಕದಲ್ಲಿ ನಿಂತು "ಇವರು ನಮ್ಮ ಮಾವನವರು, ಈ ಬಾವಿ ತೋಡಿಸಿದ್ದು ಇವರೇ" ಎಂದಾಗಲೇ ಆ ಮುಖಕ್ಕೆ ಅರ್ಥ ಬರುವುದು. ಬೀದಿಯೂ ಹಾಗೆಯೇ.

ಇದು ಹೊಸ ಸಂಗತಿಯೂ ಅಲ್ಲ. ಗುಜರಾತಿನ ಅಹಮದಾಬಾದಿನಲ್ಲಿ 1997ರ ನವೆಂಬರ್ 19ರಂದು ಅಲ್ಲಿನ ನಗರಪಾಲಿಕೆ ಹಳೆಯ ಪೇಟೆಯ ಗಲ್ಲಿಗಳಲ್ಲಿ ಬೆಳಗಿನ ನಡಿಗೆಯೊಂದನ್ನು ಆರಂಭಿಸಿತು. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯ ಬಳಿ ಮುಗಿಯುವ ನಡಿಗೆ. ಊರವರೇ ಗಮನಿಸದೆ ಬಿಟ್ಟಿದ್ದ ಮರದ ಕೆತ್ತನೆಯ ಮನೆಗಳು, ಹಕ್ಕಿಗಳಿಗೆ ಕಾಳು ಹಾಕುವ ಕಂಬಗಳು ಎಲ್ಲ ಹೊರಗಿನವರ ಕಣ್ಣಿಗೆ ಬಿದ್ದವು. 2017ರಲ್ಲಿ ಆ ಹಳೆಯ ಪಟ್ಟಣಕ್ಕೆ ಯುನೆಸ್ಕೋದ ವಿಶ್ವ ಪರಂಪರೆಯ ನಗರವೆಂಬ ಮನ್ನಣೆಯೂ ಬಂತು. ನಮ್ಮ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಇಂಥ ನಡಿಗೆಗಳು ನಡೆಯುತ್ತವೆ. ಉಡುಪಿಯ ರಥಬೀದಿಯಂತೂ ಇದಕ್ಕೆಂದೇ ಮಾಡಿಟ್ಟ ಹಾಗಿದೆ. ಚಿಕ್ಕದು, ಸುತ್ತು ಬರುವಂಥದ್ದು, ದಾರಿ ತಪ್ಪುವ ಹೆದರಿಕೆಯಿಲ್ಲ.

ಎಲ್ಲಿಂದ ಹೊರಡುವುದು?

ಎಲ್ಲರೂ ನೇರವಾಗಿ ಕೃಷ್ಣನ ಬಾಗಿಲಿಗೆ ಓಡುತ್ತಾರೆ. ಊರಿನ ಹಿರಿಯರ ಕ್ರಮ ಬೇರೆ. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಕಾರಣ ಸರಳ. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರು ಕೃಷ್ಣನನ್ನು ಪ್ರತಿಷ್ಠೆ ಮಾಡುವುದಕ್ಕೆ ಮೊದಲೇ ಈ ಎರಡು ಗುಡಿಗಳು ಇಲ್ಲಿದ್ದವು. ಅವರು ಶಿಷ್ಯರಿಗೆ ಪಾಠ ಹೇಳುತ್ತಿದ್ದದ್ದೂ ಅನಂತೇಶ್ವರನ ಗುಡಿಯಲ್ಲೇ. ಮನೆಗೆ ಹೋದರೆ ಹಿರಿಯರನ್ನು ಮೊದಲು ಮಾತಾಡಿಸಿ ಆಮೇಲೆ ಮಕ್ಕಳ ಕೆನ್ನೆ ಹಿಂಡುವುದಿಲ್ಲವೇ, ಅದೇ ಮರ್ಯಾದೆ. ಉಡುಪಿ ಎಂಬ ಹೆಸರನ್ನೂ ಚಂದ್ರನಿಗೆ, ಅಂದರೆ 'ಉಡುಪ'ನಿಗೆ ಜೋಡಿಸಿ ಹೇಳುತ್ತಾರೆ. ಕೃಷ್ಣನೂರು ಎಂದು ನಾವು ಕರೆಯುವ ಊರಿನ ಹೆಸರಿನಲ್ಲಿ ಶಿವನ ತಲೆಯ ಮೇಲಿನ ಚಂದ್ರನಿದ್ದಾನೆ ನೋಡಿ!

ಸುತ್ತ ನಿಂತು ನೋಡಿದರೆ ಎಂಟು ಮಠಗಳ ಹೆಸರುಗಳನ್ನು ಓದಬಹುದು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಇವುಗಳಲ್ಲಿ ಹಲವು ಹೆಸರುಗಳು ಸುತ್ತಲಿನ ಹಳ್ಳಿಗಳವು. ನಮ್ಮಲ್ಲಿ ಸೊಸೆಯಂದಿರನ್ನು "ಶಿವಮೊಗ್ಗದವಳು, ಸಾಗರದವಳು" ಎಂದು ತವರಿನ ಹೆಸರಿನಿಂದ ಕರೆಯುವ ಹಾಗೆ ಅನ್ನಿ.

ಬೀದಿಯಿಂದ ಕವಲೊಡೆಯುವ ಪೇಟೆಗಳ ಹೆಸರನ್ನೂ ಗಮನಿಸಿ. ತೆಂಕಪೇಟೆ, ಬಡಗುಪೇಟೆ. ತೆಂಕು ಎಂದರೆ ದಕ್ಷಿಣ, ಬಡಗು ಎಂದರೆ ಉತ್ತರ. ಮೂಡು ಪೂರ್ವ, ಪಡು ಪಶ್ಚಿಮ. ಈ ನಾಲ್ಕು ಮಾತು ಗೊತ್ತಿದ್ದರೆ ಕರಾವಳಿಯ ಅರ್ಧ ಊರುಗಳ ಹೆಸರು ನಿಮಗೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕಾರ್ಕಳದ ವೆಂಕಟರಮಣ ದೇವಸ್ಥಾನವನ್ನು 'ಪಡುತಿರುಪತಿ' ಎನ್ನುವುದು ಏಕೆಂದು ಇನ್ನು ನಿಮ್ಮ ಮಕ್ಕಳಿಗೆ ನೀವೇ ಹೇಳಬಹುದು.

ಸಟ್ಟುಗದ ಅಧಿಕಾರ

ಇನ್ನು ಪರ್ಯಾಯದ ವಿಷಯ. ಗೃಹಿಣಿಯರು ಕಿವಿಗೊಟ್ಟು ಕೇಳಬೇಕಾದ ಕಥೆ ಇದು. ಎಂಟು ಮಠಗಳೂ ಸರದಿಯಂತೆ ಎರಡೆರಡು ವರ್ಷ ಕೃಷ್ಣನ ಪೂಜೆ ನಡೆಸುತ್ತವೆ. ಮೊದಲು ಎರಡೆರಡು ತಿಂಗಳ ಸರದಿ ಇತ್ತಂತೆ. ಅದನ್ನು ಎರಡು ವರ್ಷಕ್ಕೆ ಬದಲಾಯಿಸಿದವರು ಸೋದೆ ಮಠದ ವಾದಿರಾಜರು. ಆ ಕ್ರಮ 1522ರಿಂದ ನಡೆದು ಬಂದಿದೆ ಎನ್ನುತ್ತಾರೆ. 2024ರ ಜನವರಿ 18ರಂದು ಪುತ್ತಿಗೆ ಮಠದ ಸರದಿ ಬಂತು, 2026ರ ಜನವರಿ 18ರಂದು ಶೀರೂರು ಮಠದ್ದು. ಒಂದು ಮಠಕ್ಕೆ ಮತ್ತೆ ಸರದಿ ಬರಬೇಕಾದರೆ ಹದಿನಾರು ವರ್ಷ ಕಾಯಬೇಕು.

ಅಧಿಕಾರ ಹಸ್ತಾಂತರ ಎಂದರೆ ನಮಗೆ ಕಿರೀಟ, ಖಡ್ಗ, ಮುದ್ರೆ ಇವೆಲ್ಲ ನೆನಪಾಗುತ್ತವೆ. ಇಲ್ಲಿ ಇಳಿಯುವ ಸ್ವಾಮಿಗಳು ಏರುವವರ ಕೈಗೆ ಕೊಡುವುದು ಏನು ಗೊತ್ತೇ? ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈ. ಪಾತ್ರೆ, ಬಡಿಸುವ ಸಟ್ಟುಗ, ಬೀಗದ ಕೈ! ಅತ್ತೆ ಸೊಸೆಗೆ ಮನೆ ಒಪ್ಪಿಸುವಾಗ ಕೊಡುವುದೂ ಇವನ್ನೇ ತಾನೇ? ಸೊಂಟದ ಬೀಗದ ಕೈ ಗೊಂಚಲು ಯಾರ ಬಳಿ ಇದೆಯೋ ಮನೆ ಅವರದು ಎಂದು ನಮ್ಮ ಹಿಂದಿನವರು ತಿಳಿದಿದ್ದರು. ಮಠದ ಆಡಳಿತದ ಮರ್ಮವೂ ಅಡಿಗೆಮನೆಯಲ್ಲೇ ಇದೆ. ಉಡುಪಿಯ ಕೃಷ್ಣನನ್ನು 'ಅನ್ನಬ್ರಹ್ಮ' ಎಂದು ಕರೆಯುವುದು ಸುಮ್ಮನೆ ಅಲ್ಲ.

ಎರಡು ವರ್ಷ ಬಂದವರಿಗೆಲ್ಲ ಊಟ ಹಾಕಬೇಕೆಂದರೆ ತಯಾರಿ ಎಷ್ಟು ಬೇಕು, ಲೆಕ್ಕ ಹಾಕಿ. ಅದಕ್ಕೆ ನಾಲ್ಕು ಮುಹೂರ್ತಗಳಿವೆ. ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಅಂದರೆ ಬಾಳೆಗಿಡ ನೆಡುವುದು. ಎಲೆ ಬೇಕಲ್ಲ! ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಮಧ್ವ ಸರೋವರದ ಸಮೀಪ ಒಟ್ಟಿದ ಸೌದೆ ನೋಡಲು ಮರೆಯಬೇಡಿ. ಸೌದೆಯನ್ನು ಸುಮ್ಮನೆ ರಾಶಿ ಹಾಕಿಲ್ಲ, ತೇರಿನ ಆಕಾರಕ್ಕೆ ಜೋಡಿಸಿದ್ದಾರೆ. ಅದಕ್ಕೆ ಹೆಸರೇ ಕಟ್ಟಿಗೆ ರಥ. ಮಳೆ ಹಿಡಿದರೆ ಬಿಡದ ಈ ಸೀಮೆಯಲ್ಲಿ ಒಣ ಸೌದೆ ಕೂಡಿಡುವುದು ಎಂಥ ಕಷ್ಟವೆಂದು ಹಸಿ ಸೌದೆ ಊದಿ ಕಣ್ಣೀರು ಹಾಕಿದವರಿಗೇ ಗೊತ್ತು. ಮದುವೆಮನೆಯ ಸಾಮಾನು ಪಟ್ಟಿ ಬರೆದ ಅನುಭವ ನಿಮಗಿದ್ದರೆ ಈ ನಾಲ್ಕು ಮುಹೂರ್ತಗಳ ಜಾಣತನ ಯಾವ ಪಂಡಿತರಿಗಿಂತ ನಿಮಗೇ ಬೇಗ ಹೊಳೆಯುತ್ತದೆ.

ಹಾಗೆಯೇ ತರಕಾರಿಯ ಕಥೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಮಠದ ಅಡಿಗೆಯಲ್ಲಿ ಮಟ್ಟುಗುಳ್ಳಕ್ಕೆ ದೊಡ್ಡ ಸ್ಥಾನ. ಕಟಪಾಡಿಯ ಬಳಿಯ ಮಟ್ಟು ಎಂಬ ಊರಿನಲ್ಲಿ ಬೆಳೆಯುವ ದುಂಡನೆಯ ಹಸಿರು ಬದನೆ ಅದು. ಬೀಜ ಕೊಟ್ಟವರು ವಾದಿರಾಜರು ಎಂಬುದು ಐತಿಹ್ಯ. ಪರ್ಯಾಯದ ಹೊತ್ತಿಗೆ ಮಟ್ಟುವಿನ ರೈತರು ಇವತ್ತಿಗೂ ಮಠಕ್ಕೆ ಗುಳ್ಳದ ಹೊರೆಕಾಣಿಕೆ ತರುತ್ತಾರೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಸರ್ಕಾರದಿಂದ ಭೌಗೋಳಿಕ ಗುರುತಿನ ಪಟ್ಟಿಯೂ ಸಿಕ್ಕಿತು. ಬೇರೆ ಊರಿನ ಬದನೆಯನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ.

ಕಿಂಡಿಯ ಮುಂದೆ ನಿಂತಾಗ

ಕನಕನ ಕಿಂಡಿಯ ಮುಂದೆ ಎಲ್ಲರೂ ಕೈ ಮುಗಿಯುತ್ತಾರೆ, ಫೋಟೋ ತೆಗೆಯುತ್ತಾರೆ. ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವುದಕ್ಕೆ ಗೈಡು ಕಾರಣ ಹೇಳುತ್ತಾರೆ. ಕನಕದಾಸರು ಹೊರಗೆ ನಿಂತು ಹಾಡಿದರು, ಗೋಡೆ ಬಿರಿಯಿತು, ದೇವರು ಭಕ್ತನ ಕಡೆ ತಿರುಗಿದ ಎಂದು. ಕಥೆ ಕೇಳಿ ಮೈ ಜುಮ್ಮೆನ್ನುತ್ತದೆ. ಆದರೆ ಅಷ್ಟಕ್ಕೇ ಮುಂದೆ ಹೋಗಬೇಡಿ. "ಅವರು ಹೊರಗೆ ಯಾಕೆ ನಿಲ್ಲಬೇಕಾಯಿತು?" ಎಂದು ಕೇಳಿ. ಅಂದಿನ ಜಾತಿ ಕಟ್ಟಳೆ ಅವರನ್ನು ಒಳಗೆ ಬಿಡಲಿಲ್ಲ ಎಂಬುದೂ ಆ ಕಥೆಯೇ ಹೇಳುವ ಮಾತು. ಪವಾಡವನ್ನು ಮಾತ್ರ ಹೇಳಿ ಅದನ್ನು ನುಂಗಿಬಿಟ್ಟರೆ ಕಥೆ ಅರ್ಧವೇ ಆಗುತ್ತದೆ. ಜೊತೆಯಲ್ಲಿ ಮಕ್ಕಳಿದ್ದರೆ ಅವರಿಗೆ ಪೂರ್ತಿ ಕಥೆಯೇ ಕೇಳಿಸಲಿ.

ಒಳ್ಳೆಯ ಮಾರ್ಗದರ್ಶಿ ಇಂಥ ಪ್ರಶ್ನೆಗೆ ಸಿಡಿಮಿಡಿಗೊಳ್ಳುವುದಿಲ್ಲ. "ಇದು ಜನ ಹೇಳುವ ಕಥೆ, ಇದು ಶಾಸನದಲ್ಲಿರುವುದು" ಎಂದು ಬೇರೆ ಮಾಡಿ ಹೇಳುವವರೇ ನಿಜವಾದ ಬಲ್ಲವರು.

ಎರಡಾಣೆಯ ಬ್ಯಾಂಕು

ದೇವರ ಬೀದಿಯ ಸುತ್ತ ದುಡ್ಡಿನ ಕಥೆಯೂ ಇದೆ. 1906ರ ಮಾರ್ಚ್ 12ರಂದು ಇದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಒಂದು ಬ್ಯಾಂಕು ಕಟ್ಟಿದರು. ಮುಂದೆ ಅದೇ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಉಡುಪಿಯ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಆಸ್ಪತ್ರೆಯ ಹೆಸರಿನಲ್ಲಿ ಅವರ ಹೆಸರೂ ಇದೆ.

1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಇನ್ನೊಂದು ಬ್ಯಾಂಕು ಆರಂಭಿಸಿದರು. ಕೈಮಗ್ಗದ ನೇಕಾರರು ಕಂಗಾಲಾಗಿದ್ದ ಕಾಲ ಅದು. ಅದು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಬ್ಯಾಂಕಿನವರೇ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಉಳಿತಾಯದ ದುಡ್ಡು ತೆಗೆದುಕೊಂಡು ಹೋಗುವ ಏರ್ಪಾಡು. ಸಾಸಿವೆ ಡಬ್ಬಿಯಲ್ಲಿ, ಅಕ್ಕಿ ಡಬ್ಬದ ತಳದಲ್ಲಿ ನಾಲ್ಕು ಕಾಸು ಅಡಗಿಸಿಡುವ ನಮ್ಮ ಜಾಣತನಕ್ಕೆ ಬ್ಯಾಂಕಿನವರು ಪಾಸ್‌ಬುಕ್ಕು ಕೊಟ್ಟರು ಎನ್ನೋಣ. 2020ರ ಏಪ್ರಿಲ್ 1ರಂದು ಈ ಎರಡೂ ಬ್ಯಾಂಕುಗಳು ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾದವು. ಒಂದು ಯೂನಿಯನ್ ಬ್ಯಾಂಕಿನಲ್ಲಿ, ಇನ್ನೊಂದು ಕೆನರಾ ಬ್ಯಾಂಕಿನಲ್ಲಿ. ಹೆಸರಿನ ಹಲಗೆ ಬದಲಾಯಿತು. ಎರಡಾಣೆಯ ಕಥೆ ಮಾತ್ರ ಈ ಬೀದಿಯದೇ.

ಹೂವಿನ ಲೆಕ್ಕ

ಹೂವಿನವರ ಬಳಿ ಸ್ವಲ್ಪ ನಿಲ್ಲಿ. ಉಡುಪಿ ಮಲ್ಲಿಗೆ, ಶಂಕರಪುರ ಮಲ್ಲಿಗೆ ಎಂದು ಹೆಸರು ಕೇಳಿರುತ್ತೀರಿ. ನಮ್ಮ ಕಡೆ ಮೊಳದ ಲೆಕ್ಕವಾದರೆ ಇಲ್ಲಿ ಚೆಂಡು, ಅಟ್ಟೆಯ ಲೆಕ್ಕ. ಒಂದು ಚೆಂಡಿಗೆ 800 ಹೂವು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3200 ಹೂವು. ಬಾಳೆಯ ನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಗಿಡಗಳು ಹೆಚ್ಚಾಗಿ ಮನೆಯ ಅಂಗಳದಲ್ಲೇ ಇರುತ್ತವೆ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಬಿಡಿಸುವವರು, ಕೂತು ಕಟ್ಟುವವರು ಬಹುಪಾಲು ಹೆಂಗಸರೇ. ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು ಈ ಹೂವಿನಿಂದ ಬಂದಿದೆ. ಗೈಡು ತೇರಿನ ಎತ್ತರ ಹೇಳುತ್ತಾರೆ, ಹೂವಿನ ಲೆಕ್ಕ ಹೇಳದೆ ಹೋಗಬಹುದು. ಅದನ್ನು ಹೂವಿನಮ್ಮನ ಬಳಿ ನೀವೇ ಕೇಳಬೇಕು. ಕೇಳಿದ ಮೇಲೆ ಒಂದು ಚೂರಾದರೂ ಹೂವು ಕೊಳ್ಳಿ, ಬರಿಗೈಯಲ್ಲಿ ಮಾತಾಡಿಸಿ ಹೋಗಬೇಡಿ!

ತೇರುಗಳು ಬೀದಿಯಲ್ಲೇ ಇರುತ್ತವೆ. ಬ್ರಹ್ಮರಥ, ಗರುಡರಥ, ಮಹಾಪೂಜಾ ರಥ ಎಂದು ಮೂರು. ಮಕರ ಸಂಕ್ರಾಂತಿಯ ರಾತ್ರಿ ಮೂರನ್ನೂ ಒಟ್ಟಿಗೆ ಎಳೆಯುತ್ತಾರೆ. ಸುತ್ತು ಮುಗಿದು ಕಾಲು ನೋಯತೊಡಗಿದರೆ ಹತ್ತಿರದಲ್ಲೇ ಮಿತ್ರ ಸಮಾಜ ಹೋಟೆಲಿದೆ. ಬಿಸಿ ಗೋಳಿಬಜೆ, ಒಂದು ಲೋಟ ಕಾಫಿ ಕುಡಿದು ಸುಧಾರಿಸಿಕೊಳ್ಳಿ.

ಇನ್ನೊಂದು ದಿನ ಉಳಿಯುವವರಿಗೆ

ಸಮಯವಿದ್ದರೆ ಸುಮಾರು 5 ಕಿಲೋಮೀಟರ್ ದೂರದ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿ. ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದ ಅವರು, ಜನ ಕೆಡವಿ ಮಾರುತ್ತಿದ್ದ ಹಳೆಯ ಮನೆಗಳನ್ನು ಕಂಡು ಸಂಕಟಪಟ್ಟು, ಕಂಬ ತೊಲೆಗಳನ್ನೆಲ್ಲ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. 1816ರ ಕುಂಜೂರು ಚೌಕಿ ಮನೆ, ಮಿಯಾರಿನ ಮನೆ, ಮುಧೋಳ ಅರಮನೆಯ ದರ್ಬಾರು ಅಲ್ಲಿವೆ. 2017ರಲ್ಲಿ ಅವರು ತೀರಿಕೊಂಡರು. ಇಲ್ಲಿ ಗೈಡಿನ ಜೊತೆಯಲ್ಲೇ ನೋಡಬೇಕು. ಅದಕ್ಕೆ ಮೊದಲೇ ಸಮಯ ವಿಚಾರಿಸಿಕೊಂಡು ಹೋಗಿ. ಆಸ್ಪತ್ರೆಯ ಕೆಲಸಕ್ಕೆ ಬಂದವರೂ ರೋಗಿ ಸುಧಾರಿಸಿದ ಮೇಲೆ, ಬೇರೆ ಯಾರಾದರೂ ಜೊತೆಗಿರುವಾಗ, ಒಂದೆರಡು ಗಂಟೆ ಹೊರಬಂದು ನೋಡಿದರೆ ತಪ್ಪಿಲ್ಲ. ಶುಶ್ರೂಷೆ ಮಾಡುವವರ ಮನಸ್ಸಿಗೂ ಗಾಳಿ ಬೇಕು.

ದಕ್ಷಿಣಕ್ಕೆ ಹೋದರೆ ಕಾಪು. ಮೂರು ಮಾರಿಗುಡಿಗಳ ಊರು. ಹೊಸ ಮಾರಿಗುಡಿಯ ಜೀರ್ಣೋದ್ಧಾರವಾಗಿ 2025ರಲ್ಲಿ ಬ್ರಹ್ಮಕಲಶೋತ್ಸವ ನಡೆಯಿತು. ಕಡಲ ಬಂಡೆಯ ಮೇಲಿನ ದೀಪಸ್ತಂಭ 1901ರದು. ಪರ್ಯಾಯಕ್ಕೆ ಏರುವ ಸ್ವಾಮಿಗಳು ನಸುಕಿಗೆ ಮೊದಲು ಸ್ನಾನ ಮಾಡುವ ದಂಡತೀರ್ಥ ಇರುವುದೂ ಕಾಪುವಿನಲ್ಲೇ. ಅಲ್ಲಿಂದ ಬಂದು ಉಡುಪಿಯ ಜೋಡುಕಟ್ಟೆಯಿಂದ ಮೆರವಣಿಗೆ ಹೊರಡುತ್ತದೆ.

ಕಾರ್ಕಳಕ್ಕೆ ಅರ್ಧ ದಿನವಾದರೂ ಬೇಕು. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ ಗುಡ್ಡದ ಮೇಲಿದ್ದಾನೆ. ಎದುರಿಗೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿನಿಂದ ಬಂದರೂ ಒಂದೇ ಬಗೆಯ ಬಾಗಿಲು. ಹಿಂದುಗಡೆ ಎಂಬುದೇ ಇಲ್ಲದ ಮನೆ! ಕಲ್ಲು ಕೆಲಸ ಇಲ್ಲಿ ಅರಸರ ಕಾಲಕ್ಕೇ ಮುಗಿಯಲಿಲ್ಲ. ಧರ್ಮಸ್ಥಳದಲ್ಲಿ ನಾವು ನೋಡುವ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದ್ದು ಕಾರ್ಕಳದಲ್ಲೇ. 1982ರಲ್ಲಿ ಅದಕ್ಕೆ ಧರ್ಮಸ್ಥಳದಲ್ಲಿ ಮೊದಲ ಮಸ್ತಕಾಭಿಷೇಕವಾಯಿತು. ಊರಿಗೆ ಸಮೀಪದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೆ ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ.

ಹೊರಡುವ ಮುನ್ನ

ಕೆಲವು ವ್ಯವಹಾರದ ಮಾತು.

ಒಂದು: ಎಂಟು ಹತ್ತು ಜನ ಸೇರಿ ಹೋಗಿ. ಮಹಿಳಾ ಮಂಡಲದವರು, ಭಜನಾ ಮಂಡಳಿಯವರು, ಓರಗಿತ್ತಿಯರು, ಯಾರಾದರೂ ಸರಿ. ಅದಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳಿಸುವುದಿಲ್ಲ. ಗೈಡಿನ ಹಣವನ್ನೂ ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಎರಡು: ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನು ಕೇಳಿ ಗೊತ್ತು ಮಾಡಿಕೊಳ್ಳಿ. ಎಷ್ಟು ಹೊತ್ತು, ಎಲ್ಲೆಲ್ಲಿಗೆ, ಎಲ್ಲರಿಗೂ ಸೇರಿ ಎಷ್ಟು ಹಣ ಎಂಬುದನ್ನು ಮೊದಲೇ ಮಾತಾಡಿ. "ಕನ್ನಡದಲ್ಲೇ ಹೇಳಬೇಕು, ಅಂಗಡಿಗೆ ಕರೆದುಕೊಂಡು ಹೋಗಬಾರದು" ಎಂದು ನಾಚಿಕೆಪಡದೆ ಹೇಳಿ.

ಮೂರು: ಬೆಳಿಗ್ಗೆ ಏಳಕ್ಕೆ ಮೊದಲು ಹೊರಟರೆ ಒಂಬತ್ತಕ್ಕೆ ಮುಗಿಯುತ್ತದೆ. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಕಲ್ಲು ಹಾಸಿನ ಮೇಲೆ ನಿಲ್ಲಲಾಗದು. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಜೂನ್ ಆಮೇಲೆ ಜಡಿಮಳೆ. ಅಷ್ಟಮಿ, ವಿಟ್ಲಪಿಂಡಿ, ಪರ್ಯಾಯದ ದಿನಗಳು ಉತ್ಸವ ನೋಡುವುದಕ್ಕೆ ಚೆನ್ನ. ಬೀದಿ ನೋಡುವುದಕ್ಕಲ್ಲ.

ನಾಲ್ಕು: ಸುಲಭವಾಗಿ ಕಳಚುವ ಚಪ್ಪಲಿ, ಅದನ್ನಿಡಲು ಒಂದು ಬಟ್ಟೆಯ ಚೀಲ, ಕೊಡೆ, ನೀರಿನ ಬಾಟಲಿ ಇರಲಿ. ನೂಲಿನ ಸೀರೆಯೇ ಒಳ್ಳೆಯದು, ಸೆಕೆಯ ಊರು. ಒಗ್ಗರಣೆ ಅವಲಕ್ಕಿಯನ್ನು ಹುರಿದು ಒಣಗಿಸಿ ಡಬ್ಬಿಗೆ ಹಾಕಿಕೊಂಡರೆ ಮಧ್ಯದಲ್ಲಿ ಹಸಿವಿಗೆ ಆಗುತ್ತದೆ.

ಐದು: ಶೌಚಕ್ಕೆ ಅನುಕೂಲ ಎಲ್ಲಿದೆ ಎಂದು ಹೊರಡುವಾಗಲೇ ಗೈಡಿನ ಬಳಿ ಕೇಳಿಕೊಳ್ಳಿ. ಸಂಕೋಚಪಟ್ಟು ನೀರು ಕುಡಿಯದೆ ನಡೆಯುವ ನಮ್ಮ ಅಭ್ಯಾಸ ಆರೋಗ್ಯಕ್ಕೆ ಒಳ್ಳೆಯದಲ್ಲ. ಮೊಣಕಾಲು ನೋವಿದ್ದವರು ಅದನ್ನೂ ಮೊದಲೇ ಹೇಳಿದರೆ ಅಲ್ಲಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಾರೆ.

ಆರು: ಅದು ಜನ ವಾಸಿಸುವ ಬೀದಿ. ಯಾರದೋ ಜಗುಲಿ, ಯಾರದೋ ಅಂಗಳ. ಒಳಗೆ ಇಣುಕುವ ಮೊದಲು, ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ.

ನಿಮ್ಮ ಪ್ರಶ್ನೆ ನೀವೇ ಕೇಳಿ

ಗೈಡುಗಳಿಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಎರಡು. ಎಷ್ಟು ವರ್ಷ ಹಳೆಯದು? ಎಷ್ಟು ಖರ್ಚಾಯಿತು? ಅವನ್ನು ಬೇರೆಯವರು ಕೇಳಲಿ. ನೀವು ಹೀಗೆ ಕೇಳಿ: ಇಲ್ಲಿಗೆ ನೀರು ಎಲ್ಲಿಂದ ಬರುತ್ತಿತ್ತು? ಇಷ್ಟು ಜನಕ್ಕೆ ಅಡಿಗೆ ಮಾಡುವವರು ಯಾರು, ಎಲೆ ಎತ್ತುವವರು ಯಾರು? ಈ ಬೀದಿಯಲ್ಲಿ ಹಿಂದೆ ಯಾರಿಗೆ ಪ್ರವೇಶವಿರಲಿಲ್ಲ? ಈ ಅಂಗಡಿಗೆ ಮೊದಲು ಇಲ್ಲಿ ಏನಿತ್ತು? ಮನೆ ನಡೆಸುವವಳ ತಲೆಗೆ ಮಾತ್ರ ಹೊಳೆಯುವ ಪ್ರಶ್ನೆಗಳಿವು. ಉತ್ತರ ಗೈಡಿಗೆ ಗೊತ್ತಿಲ್ಲದಿದ್ದರೆ ಹತ್ತಿರದ ಅಂಗಡಿಯ ಹಿರಿಯರನ್ನು ಅವರೇ ಕೇಳಿ ಹೇಳುತ್ತಾರೆ. ಆ ಪ್ರಶ್ನೆಯಿಂದ ನಿಮ್ಮ ಹಿಂದೆ ಬರುವ ತಂಡಕ್ಕೂ ಹೊಸ ಕಥೆಯೊಂದು ಸಿಕ್ಕಿದಂತಾಯಿತು.

"ಇದರಿಂದ ಏನು ಲಾಭ?" ಎಂದು ಕೇಳುವವರಿಗೂ ಒಂದು ಉತ್ತರ ಬೇಕಲ್ಲ. ಹೀಗೆ ಒಂದು ಪರವೂರಿನ ಬೀದಿಯನ್ನು ಕೇಳುತ್ತಾ ನಡೆದು ಬಂದವಳಿಗೆ ತನ್ನೂರಿನ ಬೀದಿ ಮೊದಲಿನ ಹಾಗೆ ಕಾಣುವುದಿಲ್ಲ. ದಿನಾ ಹಾಲು ತರಲು ಹೋಗುವ ದಾರಿಯ ಕಟ್ಟೆ ಯಾರು ಕಟ್ಟಿಸಿದ್ದು, ಬತ್ತಿದ ಬಾವಿಯಿಂದ ಎಷ್ಟು ಮನೆಗೆ ನೀರು ಹೋಗುತ್ತಿತ್ತು, ಪೇಟೆಗೆ ಆ ಹೆಸರು ಏಕೆ ಬಂತು ಎಂದು ಕೇಳಬೇಕೆನಿಸುತ್ತದೆ. ಹೇಳಬಲ್ಲ ಅಜ್ಜಿಯರು ನಿಮ್ಮ ಕೇರಿಯಲ್ಲೂ ಇದ್ದಾರೆ. ಅವರ ನೆನಪು ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ, ಅವರು ಹೋದರೆ ಅದೂ ಹೋಯಿತು. ಒಂದು ಭಾನುವಾರ ಸಂಜೆ ಮಹಿಳಾ ಮಂಡಲದ ನಾಲ್ಕು ಜನ ಅಂಥ ಒಬ್ಬ ಅಜ್ಜಿಯ ಕೈ ಹಿಡಿದುಕೊಂಡು ನಿಮ್ಮೂರಿನ ಪೇಟೆ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆ ಕಾಗದದ ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ, ಇನ್ನೊಂದನ್ನು ನಮಗೂ ಕಳಿಸಿ. ಚೆನ್ನಾಗಿರುವುದನ್ನು ಈ ಪುಟದಲ್ಲೇ ಪ್ರಕಟಿಸೋಣ.

ಅಕ್ಕಪಕ್ಕದವರು "ಎಲ್ಲಿಗೆ ಹೊರಟ್ರಿ?" ಎಂದು ಕೇಳಿದರೆ ಈ ಸಲ ಕೆಲಸದ ನೆಪ ಹೇಳಬೇಡಿ. "ಬೀದಿ ನೋಡೋಕೆ" ಎನ್ನಿ. ಸಾಧ್ಯವಾದರೆ "ನೀವೂ ಬನ್ನಿ" ಎಂದು ಕರೆಯಿರಿ.